ಪಾಚಿಗೆ ಇಷ್ಟವಾದ ಅಕ್ಷರಗಳು

ವಿರಾಜಪೇಟೆಯಲ್ಲಿ ನನ್ನದು ನಾಮಫಲಕ ಮಾಡಿಕೊಡುವ, ಮದುವೆ ಕಾಗದ ಅಚ್ಚು ಹಾಕಿಸಿಕೊಡುವ ಸಣ್ಣ ಅಂಗಡಿ. ಹೋದ ವರ್ಷ ಏಪ್ರಿಲ್‌ನಲ್ಲಿ ಹೋಮ್‌ಸ್ಟೇ ನಡೆಸುವ ಅಂಕಲ್ ಒಬ್ಬರು ಬಂದರು. “ನಮ್ಮ ಸಂತ ಅನ್ನಮ್ಮನ ಚರ್ಚ್ ಇದೆಯಲ್ಲ, ಅಕ್ಷರ ಹಾಗಿರಬೇಕು ನೋಡಮ್ಮ” ಎಂದರು. ಮೊನಚಾಗಿ ಎತ್ತರಕ್ಕೆ ಏರಿರಬೇಕು ಎಂದು ಅರ್ಥ. ಹೆಸರು ‘ಹಿಲ್ ವ್ಯೂ’. (ಈ ಹೆಸರಿನ ಹೋಮ್‌ಸ್ಟೇಗಳನ್ನು ಎಣಿಸಲು ಹೊರಟರೆ ಒಂದು ಮಳೆಗಾಲ ಬೇಕು.)

ನಾನು ಖುಷಿಯಲ್ಲಿ ಗಾಥಿಕ್ ಬಳಗದ, ಮೊನಚು ಗೆರೆಗಳ ಓಲ್ಡ್ ಇಂಗ್ಲಿಷ್ ಅಕ್ಷರ ಆರಿಸಿ, ಪೂರ್ತಿ ಹೆಸರನ್ನು ದೊಡ್ಡಕ್ಷರಗಳಲ್ಲೇ ಕೂರಿಸಿ ಹಲಸಿನ ಹಲಗೆಯಲ್ಲಿ ಕೊರೆಸಿದೆ. ತಪ್ಪು ನನ್ನದೇ. ಆ ಶೈಲಿಯಲ್ಲಿ ದೊಡ್ಡ ‘ಐ’ ಮತ್ತು ‘ಜೆ’ ಅವಳಿಗಳಂತೆ ಕಾಣುತ್ತವೆ. ಪ್ರವಾಸಿಗರನ್ನು ಕರೆತಂದ ಜೀಪಿನವನು ಗೇಟಿನ ಎದುರಲ್ಲೇ ನಿಂತು ಅಂಕಲ್‌ಗೆ ಫೋನ್ ಮಾಡಿ ಮನೆ ಎಲ್ಲಿದೆ ಎಂದು ಕೇಳಿದನಂತೆ.

ಚಿಕ್ಕಕ್ಷರಗಳೇನೂ ಸಾಧುವಲ್ಲ. ಸುಮಾರು 1455ರಲ್ಲಿ ಗುಟೆನ್‌ಬರ್ಗ್ ಬೈಬಲನ್ನು ಮುದ್ರಿಸಿದ್ದು ಟೆಕ್ಸ್ಚುರಾ ಎಂಬ ಈ ಜಾತಿಯ ಅಕ್ಷರದಲ್ಲಿಯೇ. ಅದರಲ್ಲಿ ‘ಎಂ’, ‘ಎನ್’, ‘ಐ’ ಎಲ್ಲವೂ ಒತ್ತಾಗಿ ನಿಲ್ಲಿಸಿದ ಬೇಲಿಗೂಟಗಳು. ‘ಮಿನಿಮ್’ ಎಂಬ ಐದಕ್ಷರದ ಇಂಗ್ಲಿಷ್ ಪದ ಬರೆದರೆ ಹತ್ತು ಗೂಟ; ಎಲ್ಲಿ ಯಾವ ಅಕ್ಷರ ಮುಗಿಯಿತೆಂದು ಬರೆದವನೇ ಹೇಳಬೇಕು.

ಕನ್ನಡದಲ್ಲಿ ಹೀಗೆ ಬರೆದರೆ ಹೇಗಿರುತ್ತದೆ ಎಂಬ ಹುಚ್ಚೂ ಹಿಡಿಯಿತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕಲ್ಲ. ಚಪ್ಪಟೆ ಮೊನೆಯ ಪೆನ್ನು ಓರೆ ಹಿಡಿದು ಒಂದು ಸಂಜೆ ಪೂರ್ತಿ ‘ಹ’ ತಿದ್ದಿದೆ. ಗಾಥಿಕ್ ಬಳಗದ ಫ್ರಾಕ್ಟುರ್ ಎಂಬ ಹೆಸರಿನ ಮೂಲದಲ್ಲಿರುವುದೇ ‘ಮುರಿದದ್ದು’ ಎಂಬ ಅರ್ಥ: ಬಾಗಬೇಕಾದ ಗೆರೆಯನ್ನು ಮುರಿದು ಕೋನ ಮಾಡುತ್ತಾರೆ. ನಮ್ಮ ‘ಹ’ದ ಹೊಟ್ಟೆಯನ್ನು ಮುರಿದೆ, ತಲೆಕಟ್ಟು ಮಾತ್ರ ಚೆನ್ನಾಗಿ ಬಂತು, ಕೆಳಗೆ ತಗಡಿನ ಡಬ್ಬ ಜಜ್ಜಿದ ಹಾಗಾಯಿತು. ಕನ್ನಡವನ್ನು ಅದರ ದುಂಡಿಗೇ ಬಿಟ್ಟೆ.

ಎರಡನೆಯ ಫಲಕಕ್ಕೆ ಇಂಗ್ಲಿಷಿನಲ್ಲಿ ಆರಿಸಿದ್ದು ಕಾಪರ್‌ಪ್ಲೇಟ್ ಗಾಥಿಕ್. ಫ್ರೆಡೆರಿಕ್ ಗೌಡಿ 1901ರಲ್ಲಿ ರೂಪಿಸಿದ್ದು. ಅಮೆರಿಕದ ಅಚ್ಚುಮನೆಗಳಲ್ಲಿ ‘ಗಾಥಿಕ್’ ಎಂದರೆ ಆ ಮೊನಚು ಅಕ್ಷರವಲ್ಲ, ಸೆರಿಫ್ (ಗೆರೆಯ ತುದಿಯ ಪುಟ್ಟ ಅಡ್ಡಗೆರೆ) ಇಲ್ಲದ ಅಕ್ಷರ. ಇದಕ್ಕೋ ತುದಿಗಳಲ್ಲಿ ಇರುವೆಯ ಕಾಲಿನಷ್ಟು ಪುಟಾಣಿ ಸೆರಿಫ್ ಇದೆ. ಹೆಸರೇ ಅರ್ಧ ಸುಳ್ಳು. ಚಿಕ್ಕಕ್ಷರಗಳೇ ಇಲ್ಲ, ಆದ್ದರಿಂದ ನನ್ನಂಥವಳು ತಪ್ಪು ಮಾಡಲು ಜಾಗವೂ ಕಡಿಮೆ. ಕೊರೆಯುವ ಯಂತ್ರದ ಬಿಟ್ ದುಂಡಗಿರುವುದರಿಂದ ಆ ಪುಟ್ಟ ಮೂಲೆಗಳು ಸವೆದಂತೆ ಬಂದವು. ಬಡಗಿ ಸಣ್ಣ ಉಳಿ ಹಿಡಿದು ಒಂದೊಂದನ್ನೇ ಚೂಪು ಮಾಡಿಕೊಟ್ಟರು.

ಅಂಕಲ್ ಹಳೆಯದನ್ನು ಎಸೆಯಲಿಲ್ಲ, ವರಾಂಡದ ಅಂಚಿಗೆ ತೂಗುಹಾಕಿದರು. ಜುಲೈ ಹೊತ್ತಿಗೆ ಎರಚಲಿಗೆ ಅದರ ಸಂದುಗಳಲ್ಲೆಲ್ಲ ಪಾಚಿ ಹಿಡಿದು ಅಕ್ಷರಗಳು ಹಸಿರಾಗಿ ಎದ್ದು ಕಂಡವು. “ಈಗ ಚರ್ಚ್ ಹಾಗೇ ಆಯಿತು ನೋಡಮ್ಮ” ಎಂದು ಫೋಟೋ ಕಳಿಸಿದ್ದಾರೆ. ಹೊಸ ಫಲಕದ ಪಾಚಿಯನ್ನು ಮಾತ್ರ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ವಾರಕ್ಕೊಮ್ಮೆ ಉಜ್ಜುತ್ತಾರಂತೆ.