ತಟ್ಟೆಗಿಂತ ಮೊದಲು ಕೊಡುವ ಕೈಗಳನ್ನು ಎಣಿಸಿ: ವಿಶೇಷ ಮಕ್ಕಳ ತೂಕದ ಬಗ್ಗೆ

ಬೌದ್ಧಿಕ ಅಂಗವೈಕಲ್ಯ ಇರುವ ಮಗುವಿನ ತೂಕ ಏರುತ್ತಿದೆ ಅಂದಕೂಡಲೇ ಎಲ್ಲರ ಕಣ್ಣು ಹೋಗುವುದು ಅದರ ತಟ್ಟೆಯ ಮೇಲೆ. ದಿನಕ್ಕೆ ಎಷ್ಟು ಜನ ದೊಡ್ಡವರು ಆ ಮಗುವಿನ ಕೈಗೆ ತಿನ್ನಲು ಏನಾದರೂ ಇಡುತ್ತಾರೆ ಅನ್ನುವುದನ್ನು ಯಾರೂ ಎಣಿಸುವುದಿಲ್ಲ. ಬಣ್ಣ ಗುರುತಿಸಿದ್ದಕ್ಕೆ ಥೆರಪಿಸ್ಟ್ ಕೊಟ್ಟ ಚಾಕೊಲೇಟ್, ಅಳು ನಿಲ್ಲಿಸಲು ಅಜ್ಜಿ ಕೊಟ್ಟ ಬಿಸ್ಕೆಟ್, ಗಾಡಿಯಲ್ಲಿ ಸುಮ್ಮನೆ ಕೂರಲೆಂದು ಒಂದಿಷ್ಟು ಚಿಪ್ಸ್, "ಪಾಪ, ಅದಕ್ಕೆ ಬೇರೇನು ಖುಷಿ ಇದೆ" ಅಂತ ನೆಂಟರಿಂದ ಇನ್ನೊಂದು ಸಿಹಿ. ಒಬ್ಬೊಬ್ಬರದೂ ಚೂರೇ. ಒಟ್ಟು ಲೆಕ್ಕ ಮಾತ್ರ ಯಾರ ಬಳಿಯೂ ಇರುವುದಿಲ್ಲ.

ಹಾಗಾಗಿ ಡಯಟ್ ಪಟ್ಟಿ ಹುಡುಕುವ ಮೊದಲು ಒಂದು ನೋಟ್‌ಬುಕ್ ಇಡಿ. ಒಂದು ವಾರ ಏನನ್ನೂ ಬದಲಿಸಬೇಡಿ, ಮಗುವಿನ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ: ಏನು, ಎಷ್ಟು, ಯಾರು ಕೊಟ್ಟರು, ಯಾಕೆ ಕೊಟ್ಟರು. ಕೊನೆಯ ಕಲಂನಲ್ಲೇ ವಿಷಯ ಇರುವುದು. ಅಲ್ಲಿ "ಹಸಿವು" ಅನ್ನುವುದಕ್ಕಿಂತ "ಹಟ", "ಬಹುಮಾನ", "ನಾನು ಫೋನಿನಲ್ಲಿದ್ದೆ" ಅನ್ನುವವೇ ಹೆಚ್ಚಿದ್ದರೆ ತೊಂದರೆ ಅಡುಗೆಯಲ್ಲಿಲ್ಲ. ಕುಡಿದದ್ದನ್ನೂ ಬರೆಯಬೇಕು, ಎಲ್ಲರೂ ಮರೆಯುವುದು ಅದನ್ನೇ. 250 ಮಿ.ಲೀ. ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. 2 ವರ್ಷ ದಾಟಿದ ಮಕ್ಕಳಿಗೆ ಸೇರಿಸಿದ ಸಕ್ಕರೆ ಇಡೀ ದಿನಕ್ಕೆ 25 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್. ಒಂದೇ ಲೋಟದಲ್ಲಿ ದಿನದ ಲೆಕ್ಕ ಮುಗಿಯಿತು.

ಇನ್ನು ಬೇಡಿಕೆಯ ವಿಷಯ. ಮಾತು ಬಾರದ ಮಗುವಿಗೆ ನಾವು ಮೊದಲು ಕಲಿಸುವ ಸನ್ನೆ ಅಥವಾ ಚಿತ್ರದ ಕಾರ್ಡು ಯಾವುದು? ಬಹುಪಾಲು "ಊಟ" ಇಲ್ಲವೇ "ಇನ್ನೂ ಬೇಕು". ಕೇಳಿದ ತಕ್ಷಣ ಕೈಗೆ ಸಿಗುತ್ತದಲ್ಲ, ಅದಕ್ಕೇ ಬೇಗ ಕಲಿಯುತ್ತದೆ. ಎಷ್ಟೋ ಕಡೆ ಪಾಠ ಅಲ್ಲಿಗೇ ನಿಂತುಬಿಡುತ್ತದೆ. ಆಮೇಲೆ ಬೇಜಾರಾದರೂ, ಸದ್ದು ಜಾಸ್ತಿಯಾದರೂ, ಹತ್ತಿರ ಯಾರಾದರೂ ಬೇಕೆನಿಸಿದರೂ ಮಗುವಿನ ಕೈಯಲ್ಲಿರುವುದು ಅದೊಂದೇ ಕಾರ್ಡು. ಅದನ್ನು ತಂದು ಕೊಡುತ್ತದೆ, ನಾವು ಹಸಿವೆಂದುಕೊಂಡು ತಿನ್ನಿಸುತ್ತೇವೆ. ಹಾಗಂತ ಕಾರ್ಡು ಕಿತ್ತಿಡಬೇಡಿ. ಕೇಳುವ ದಾರಿ ಮುಚ್ಚಿದರೆ ಕಚ್ಚುವುದು, ತಲೆ ಚಚ್ಚಿಕೊಳ್ಳುವುದು ಶುರುವಾಗಬಹುದು. "ಹೊರಗೆ ಹೋಗೋಣ", "ಹಾಡು", "ತಬ್ಬಿಕೋ", "ಸಾಕು, ಬಿಡುವು ಬೇಕು" ಅನ್ನುವ ಇನ್ನು ನಾಲ್ಕು ಕಾರ್ಡುಗಳನ್ನು ಅಷ್ಟೇ ಗಟ್ಟಿಯಾಗಿ ಕಲಿಸಿ. ಊಟವಾದ ಅರ್ಧ ಗಂಟೆಯೊಳಗೆ ಮತ್ತೆ ಊಟದ ಕಾರ್ಡು ಬಂದರೆ ಅದನ್ನು ತೆಗೆದುಕೊಂಡು, ದಿನದ ಚಿತ್ರಪಟ್ಟಿಯಲ್ಲಿ ಮುಂದಿನ ತಿಂಡಿಯ ಜಾಗಕ್ಕೆ ಮಗುವಿನ ಕಣ್ಣೆದುರೇ ಅಂಟಿಸಿ. ಬಳಿಕ ಬೇರೆ ಎರಡು ಕಾರ್ಡು ಮುಂದೆ ಹಿಡಿಯಿರಿ. ಮೊದಲ ಕೆಲವು ದಿನ ಕೂಗಾಟ ಇನ್ನೂ ಜೋರಾಗುತ್ತದೆ. ಅದು ತಾರಕಕ್ಕೇರಿದಾಗ ಸೋತು ಕೊಟ್ಟರೆ, ಎಷ್ಟು ಜೋರಾಗಿ ಕೂಗಿದರೆ ಸಿಗುತ್ತದೆ ಅನ್ನುವುದನ್ನು ನಾವೇ ಕಲಿಸಿದ ಹಾಗಾಯಿತು.

ತಿನ್ನುವ ಬಹುಮಾನವನ್ನು ಒಂದೇ ದಿನ ನಿಲ್ಲಿಸಿದರೆ ಮಗು ಕಲಿಕೆಯ ಮೇಜಿಗೇ ಬರುವುದಿಲ್ಲ. ಮೊದಲು ತುಂಡನ್ನು ಕಡಲೆಕಾಳಿನಷ್ಟು ಚಿಕ್ಕದು ಮಾಡಿ, ಕೊಡುವಾಗಲೆಲ್ಲ ಹೊಗಳಿಕೆಯ ಜೊತೆ ಒಂದು ಟೋಕನ್ (ಕೂಡಿಟ್ಟು ಬಹುಮಾನಕ್ಕೆ ಬದಲಾಯಿಸುವ ಬಿಲ್ಲೆ) ಕೊಡಿ. ಆಮೇಲೆ ಎರಡು ಟೋಕನ್‌ಗೆ ಒಂದು ತುಂಡು, ಮುಂದೆ ಐದಕ್ಕೆ ಒಂದು, ಕಡೆಗೆ ಐದು ಟೋಕನ್‌ಗೆ ಉಯ್ಯಾಲೆ ಅಥವಾ ಗುಳ್ಳೆ ಊದುವ ಆಟ. ಶಾಲೆ, ಥೆರಪಿ, ಮನೆ ಮೂರೂ ಕಡೆ ಇದೇ ನಿಯಮ ನಡೆಯದಿದ್ದರೆ ಒಂದು ಕಡೆ ಪಟ್ಟ ಶ್ರಮ ಇನ್ನೊಂದು ಕಡೆ ಕರಗುತ್ತದೆ.

ಹೊಟ್ಟೆ ತುಂಬಿದ್ದು ಅರಿವಿಗೆ ಬರಲು ಸುಮಾರು 20 ನಿಮಿಷ ಬೇಕು. ಬಾಯಿಯ ಸ್ನಾಯು ಸಡಿಲವಿರುವ ಮಗು ಅಗಿಯದೆ ನುಂಗಿ 5 ನಿಮಿಷದಲ್ಲಿ ತಟ್ಟೆ ಖಾಲಿ ಮಾಡುತ್ತದೆ. ಚಿಕ್ಕ ಚಮಚ ಕೊಡಿ, ತುತ್ತಿಗೊಮ್ಮೆ ಅದನ್ನು ಕೆಳಗಿಡಿಸಿ, ಆಗಾಗ ಒಂದು ಗುಟುಕು ನೀರು ಕುಡಿಸಿ. ಬಡಿಸುವುದು ಅಡುಗೆಮನೆಯಲ್ಲೇ ಆಗಲಿ, ಪಾತ್ರೆ ಮೇಜಿಗೆ ಬರುವುದು ಬೇಡ. ತಟ್ಟೆಯ ಅರ್ಧ ತರಕಾರಿ ಮತ್ತು ಹಣ್ಣು, ಕಾಲು ಭಾಗ ಧಾನ್ಯ, ಕಾಲು ಭಾಗ ಪ್ರೋಟೀನ್. ದಿನಕ್ಕೆ ಮೂರು ಊಟ, ಎರಡು ತಿಂಡಿ; ನಡುವೆ ಎರಡೂವರೆಯಿಂದ ಮೂರು ಗಂಟೆ ನೀರು ಮಾತ್ರ. ಪ್ಯಾಕೆಟ್ ಹಾಗೇ ಕೊಡಬೇಡಿ. "ಅರ್ಧ ಸಾಕು" ಅನ್ನುವುದು ಈ ಮಗುವಿಗೆ ಅರ್ಥವಾಗದಿರಬಹುದು, ಪ್ಯಾಕೆಟ್ ಖಾಲಿಯಾದದ್ದು ಅರ್ಥವಾಗುತ್ತದೆ. ಚಿಕ್ಕ ಡಬ್ಬಿಗೆ ಹಾಕಿ ಕೊಟ್ಟರೆ ಡಬ್ಬಿ ಖಾಲಿಯಾದಾಗ ತಿಂಡಿಯೂ ಮುಗಿಯಿತು. ಟಿವಿ, ಮೊಬೈಲ್ ನೋಡುತ್ತಾ ಉಣಿಸುವುದನ್ನು ಬಿಡುವುದು ಕಷ್ಟ, ಗೊತ್ತಿದೆ. ದಿನದ ಒಂದು ಊಟದಿಂದ ಶುರುಮಾಡಿ.

ಮೂರ್ನಾಲ್ಕು ಬಗೆಯನ್ನಷ್ಟೇ ತಿನ್ನುವ ಮಗುವಿಗೆ ಅದು ಒಪ್ಪಿದ ತಿನಿಸಿನ ಒಂದೇ ಒಂದು ಗುಣ ಬದಲಿಸಿ: ಆಕಾರ, ಇಲ್ಲವೇ ಬಣ್ಣ, ಇಲ್ಲವೇ ಗರಿಗರಿತನ. ಹೊಸ ರುಚಿಯನ್ನು 10-15 ಸಲ ಮುಂದಿಡಬೇಕಾಗಬಹುದು. ಮುಟ್ಟಿದರೂ, ಮೂಸಿದರೂ ಮುಂದುವರಿದ ಹಾಗೆಯೇ. ತರಕಾರಿಯನ್ನು ಇಷ್ಟದ ತಿನಿಸಿನಲ್ಲಿ ಬಚ್ಚಿಡುವ ಉಪಾಯ ನಮಗೆ ಒಪ್ಪಿಗೆಯಿಲ್ಲ. ಸಿಕ್ಕಿಬಿದ್ದರೆ ಮಗು ಆ ತಿನಿಸನ್ನೂ ಬಿಡುತ್ತದೆ.

ತೂಕ ತಿಂಗಳಿಗೊಮ್ಮೆ ನೋಡಿದರೆ ಸಾಕು: ಅದೇ ಯಂತ್ರ, ಅದೇ ಹೊತ್ತು, ತೆಳು ಬಟ್ಟೆ. ಎತ್ತರ ಮೂರು ತಿಂಗಳಿಗೊಮ್ಮೆ. ನಿಲ್ಲಲಾಗದ ಮಗುವನ್ನು ಎತ್ತಿಕೊಂಡು ತೂಗಿ, ನಿಮ್ಮ ತೂಕ ಕಳೆಯಿರಿ. ಸೆರೆಬ್ರಲ್ ಪಾಲ್ಸಿಯಿಂದ ಮೈ ಬಾಗಿದ್ದರೆ ಹಿಮ್ಮಡಿಯಿಂದ ಮಂಡಿಯವರೆಗಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, 2.69ರಿಂದ ಗುಣಿಸಿ, 24.2 ಕೂಡಿಸಿದರೆ ಎತ್ತರದ ಅಂದಾಜು ಸಿಗುತ್ತದೆ. ತೂಕ, ಎತ್ತರ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಬಿಎಂಐ ಅಂಕಿಯನ್ನು ದೊಡ್ಡವರ ಪಟ್ಟಿಗೆ ಹೋಲಿಸಬೇಡಿ. ಮಕ್ಕಳದ್ದನ್ನು ವಯಸ್ಸು, ಲಿಂಗಕ್ಕೆ ತಕ್ಕ ಚಾರ್ಟಿನಲ್ಲೇ ನೋಡಬೇಕು. ಬೆಳೆಯುವ ಮಗುವಿನ ತೂಕ ಇಳಿಯಲೇಬೇಕೆಂದೂ ಇಲ್ಲ. ಎಷ್ಟೋ ಸಲ ತೂಕ ನಿಂತಲ್ಲೇ ನಿಂತು ಎತ್ತರ ಏರಿದರೆ ಸಾಕಾಗುತ್ತದೆ.

ಇಷ್ಟೆಲ್ಲ ಮಾಡಿದರೂ ತೂಕ ಏರುತ್ತಿದ್ದರೆ ಕಾರಣ ಮೈಯೊಳಗೆ ಅಥವಾ ಔಷಧಿಯ ಡಬ್ಬಿಯಲ್ಲಿರಬಹುದು. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಮಂದವಾಗುವುದು ಹೆಚ್ಚು, ಹಾಗಾಗಿ ವರ್ಷಕ್ಕೊಮ್ಮೆ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ತಪ್ಪಿಸಬಾರದು. ನಿದ್ದೆಯಲ್ಲಿ ಉಸಿರು ಕಟ್ಟುವುದೂ ಇವರಲ್ಲಿ ಸಾಮಾನ್ಯ. ಗೊರಕೆ ಕೇಳಿಸದಿದ್ದರೂ 4 ವರ್ಷದೊಳಗೆ ನಿದ್ರಾ ಪರೀಕ್ಷೆ ಮಾಡಿಸಬೇಕು, ಯಾಕೆಂದರೆ ಹೆತ್ತವರ ಅಂದಾಜು ಇಲ್ಲಿ ಆಗಾಗ ತಪ್ಪುತ್ತದೆ. ಪ್ರೇಡರ್-ವಿಲ್ಲಿ ಸಿಂಡ್ರೋಮ್ ಬೇರೆಯದೇ ಕಥೆ. 15ನೇ ಕ್ರೋಮೋಸೋಮಿನ ದೋಷದಿಂದ ಬರುವ ಇದರಲ್ಲಿ ಶಿಶುವಾಗಿದ್ದಾಗ ಹಾಲೆಳೆಯಲೂ ಆಗದ ಮಗು, ಮುಂದೆ ಎಷ್ಟು ತಿಂದರೂ ತಣಿಯದ ಹಸಿವಿಗೆ ಸಿಕ್ಕಿಬೀಳುತ್ತದೆ. ಬುದ್ಧಿಮಾತು ಇಲ್ಲಿ ಕೆಲಸಕ್ಕೆ ಬಾರದು. ಫ್ರಿಜ್, ಕಪಾಟು, ಕಸದ ಬುಟ್ಟಿಗೂ ಬೀಗ ಬೇಕು. ಅದು ಶಿಕ್ಷೆಯಲ್ಲ, ಮಗುವಿಗೆ ನೆಮ್ಮದಿ ಕೊಡುವ ವ್ಯವಸ್ಥೆ. ಈ ಮಕ್ಕಳು ಸುಲಭಕ್ಕೆ ವಾಂತಿ ಮಾಡುವುದಿಲ್ಲ, ನೋವೂ ತಡವಾಗಿ ಗೊತ್ತಾಗುತ್ತದೆ; ವಿಪರೀತ ತಿಂದ ಮೇಲೆ ಹೊಟ್ಟೆ ಉಬ್ಬಿದರೆ ಅಥವಾ ವಾಂತಿಯಾದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಔಷಧಿಗಳಲ್ಲಿ ವರ್ತನೆಯ ಹತೋಟಿಗೆ ಕೊಡುವ ರಿಸ್ಪೆರಿಡೋನ್, ಓಲಾನ್ಜಪೀನ್, ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ತೂಕ ಏರಿಸುವುದಕ್ಕೆ ಹೆಸರಾದವು. ಔಷಧಿ ಶುರುಮಾಡುವ ದಿನವೇ ತೂಕ ಬರೆದಿಟ್ಟರೆ ಆಮೇಲೆ ವೈದ್ಯರ ಮುಂದೆ ಮಾತಾಡಲು ಆಧಾರವಿರುತ್ತದೆ. ನೀವಾಗಿ ಮಾತ್ರ ನಿಲ್ಲಿಸಬೇಡಿ: ವಾಲ್‌ಪ್ರೊಯೇಟ್ ದಿಢೀರ್ ನಿಂತರೆ ಫಿಟ್ಸ್ ಮರುಕಳಿಸಬಹುದು.

ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದ ಅಂಗವಿಕಲ ಮಕ್ಕಳಿಗೂ ಹೇಳುತ್ತದೆ. ಒಂದೇ ಸಲ ಅಷ್ಟು ಯಾರೂ ಮಾಡರು. 10 ನಿಮಿಷದ ಆರು ತುಂಡು ಮಾಡಿ, ಅದೂ ಭಾರವೆನಿಸಿದರೆ 5 ನಿಮಿಷದಿಂದ ಆರಂಭಿಸಿ. "ಇನ್ನೂ ಸ್ವಲ್ಪ ನಡಿ" ಅಂದರೆ ಎಲ್ಲಿಗೆ, ಎಷ್ಟು ಅನ್ನುವುದು ಮಗುವಿಗೆ ತಿಳಿಯುವುದಿಲ್ಲ, ಹಾಗಾಗಿ ನೆಲದ ಮೇಲೆ ಕೂತುಬಿಡುತ್ತದೆ. ಐದು ಚೆಂಡು ಈ ಬುಟ್ಟಿಯಲ್ಲಿ, ಖಾಲಿ ಬುಟ್ಟಿ ಆ ತುದಿಯಲ್ಲಿ. ಒಂದು ಸುತ್ತಿಗೆ ಒಂದು ಚೆಂಡು. ಚೆಂಡು ಮುಗಿದರೆ ನಡಿಗೆ ಮುಗಿಯಿತು. ಡೌನ್ ಸಿಂಡ್ರೋಮ್ ಇದ್ದರೆ ಕುತ್ತಿಗೆಯ ಮೇಲ್ತುದಿಯ ಎರಡು ಮೂಳೆಗಳ ಹಿಡಿತ ಸಡಿಲವಿರಬಹುದು. ವೈದ್ಯರನ್ನು ಕೇಳದೆ ಲಾಗ, ಟ್ರ್ಯಾಂಪೊಲಿನ್ ಬೇಡ. ಫಿಟ್ಸ್ ಇರುವ ಮಗು ಈಜುವಾಗ ಅದೊಂದನ್ನೇ ನೋಡಿಕೊಳ್ಳುವ ದೊಡ್ಡವರೊಬ್ಬರು ನೀರಿನಲ್ಲೇ ಇರಬೇಕು.

ಸಣಕಲು ಮಕ್ಕಳ ಬಗ್ಗೆ ಯಾರೂ ಇಷ್ಟು ತಲೆಕೆಡಿಸಿಕೊಳ್ಳುವುದಿಲ್ಲ, ಅದು ಸರಿಯಲ್ಲ. ಏಕಾಏಕಿ ಊಟ ಬಿಟ್ಟರೆ ಹುಳುಕು ಹಲ್ಲು, ಮಲಬದ್ಧತೆ, ಎದೆಯುರಿ ಇವನ್ನು ಮೊದಲು ನೋಡಿ. ಎಲ್ಲಿ ನೋವೆಂದು ಹೇಳಲಾಗದ ಮಗು ತಟ್ಟೆ ದೂಡಿಯೇ ಹೇಳುತ್ತದೆ. ಅತಿ ಚಟುವಟಿಕೆ, ಗಮನದ ಕೊರತೆಗೆ ಕೊಡುವ ಮಿಥೈಲ್‌ಫೆನಿಡೇಟ್ ಹಸಿವು ಕೊಲ್ಲುತ್ತದೆ, ಆದ್ದರಿಂದ ಗಟ್ಟಿ ಊಟ ಮಾತ್ರೆಗೆ ಮೊದಲೇ ಆಗಲಿ. ಉಣ್ಣುವಾಗ ಕೆಮ್ಮು, ಕಣ್ಣಲ್ಲಿ ನೀರು, ಊಟದ ಬಳಿಕ ಗೊರಗೊರ ದನಿ, ಪದೇ ಪದೇ ನ್ಯುಮೋನಿಯಾ ಕಂಡರೆ ಆಹಾರ ಶ್ವಾಸನಾಳಕ್ಕೆ ಇಳಿಯುತ್ತಿರಬಹುದು. ಅಂಥ ಮಗುವಿಗೆ ತೂಕ ಏರಲೆಂದು ಮಲಗಿಸಿಕೊಂಡು ಬಲವಂತವಾಗಿ ತುರುಕಬೇಡಿ. ನುಂಗುವಿಕೆ ನೋಡುವ ಥೆರಪಿಸ್ಟ್ ಬಳಿ ಪರೀಕ್ಷೆ ಆಗುವವರೆಗೂ ನೆಟ್ಟಗೆ ಕೂರಿಸಿ, ಚಿಕ್ಕ ತುತ್ತು, ಬಾಯಿ ಖಾಲಿಯಾದ ಮೇಲಷ್ಟೇ ಮುಂದಿನದು.