ವೋಟಿಲ್ಲದವನಿಗೂ ಒಂದು ಗುಲಾಬಿ

2025ರ ಸೆಪ್ಟೆಂಬರ್. ಶನಿವಾರ ಬೆಳಿಗ್ಗೆ ತರಕಾರಿಗೆ ಹೊರಟಿದ್ದೆ. ದಾರಿಯಲ್ಲಿ ಕೆಂಪು ಕೊಡೆ ಬಿಡಿಸಿಕೊಂಡು ಜರ್ಮನಿಯ ಎಸ್‌ಪಿಡಿ, ಅಂದರೆ ಸೋಷಿಯಲ್ ಡೆಮಾಕ್ರಟಿಕ್ ಪಾರ್ಟಿಯವರು ವೋಟು ಕೇಳುತ್ತಾ ನಿಂತಿದ್ದರು. ಒಬ್ಬ ಹೆಂಗಸು ಕೈಗೆ ಕೆಂಪು ಗುಲಾಬಿ ಕೊಟ್ಟರು. "ನನಗಿಲ್ಲಿ ವೋಟಿಲ್ಲ" ಅಂದೆ. ನನ್ನದಿನ್ನೂ ಭಾರತದ ಪಾಸ್‌ಪೋರ್ಟು. ಊರಿನ ಚುನಾವಣೆಯಲ್ಲಿ ಯುರೋಪಿಯನ್ ಯೂನಿಯನ್ನಿನ ಬೇರೆ ದೇಶದವರಿಗೂ ವೋಟುಂಟು, ನಮಗಿಲ್ಲ. "ಇರಲಿ ಬಿಡಿ, ಮನೆಯವರಿಗೆ ಕೊಡಿ" ಎಂದು ನಕ್ಕರು. ವೋಟಿಲ್ಲದವನಿಗೂ ಹೂ ಕೊಡುವಷ್ಟು ಗುಲಾಬಿ ಉಳಿದಿದೆಯಲ್ಲ, ಇವರಿಗೆ ಈ ಸಲ ಕಷ್ಟ ಅನ್ನಿಸಿತು.

ನಾನಿರುವುದು ಜರ್ಮನಿಯ ಡಾರ್ಟ್ಮುಂಡ್ ಊರಿನ ಹ್ಯೋರ್ಡೆ ಎಂಬ ಭಾಗದಲ್ಲಿ. ಕಲ್ಲಿದ್ದಲು, ಉಕ್ಕು, ಬಿಯರು, ಫುಟ್‌ಬಾಲು, ಇಷ್ಟೇ ಈ ಊರಿನ ಹಳೇ ಬದುಕು. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ದೊಡ್ಡ ಕೆರೆ ಸಿಗುತ್ತದೆ. ದಂಡೆಯಲ್ಲಿ ಗಾಜಿನ ಮನೆಗಳು, ನೀರಿನಲ್ಲಿ ಹಾಯಿದೋಣಿ. ಮೊದಲ ಸಲ ನೋಡಿದಾಗ ಹಳೇ ಕಾಲದ ಕೆರೆ ಅಂದುಕೊಂಡಿದ್ದೆ. ಅಲ್ಲ! 2001ರವರೆಗೆ ಅಲ್ಲಿದ್ದದ್ದು ಫೀನಿಕ್ಸ್ ಉಕ್ಕಿನ ಕಾರ್ಖಾನೆ. ಅದು ಮುಚ್ಚಿದ ಮೇಲೆ ಚೀನಾದ ಕಂಪನಿ ಕೊಂಡುಕೊಂಡಿತು. ಚೀನಾದ ಕೆಲಸಗಾರರೇ ಬಂದು ಒಂದೊಂದು ಭಾಗ ಬಿಚ್ಚಿ, ಹಡಗಿಗೆ ಹೇರಿಕೊಂಡು ಹೋದರು. ಉಳಿದ ಗುಂಡಿಗೆ 2010ರಲ್ಲಿ ನೀರು ಬಿಟ್ಟರು.

ಇದನ್ನೆಲ್ಲ ಹೇಳಿದ್ದು ನಮ್ಮ ಕೆಳಗಿನ ಮನೆಯ ಅಜ್ಜ. ಎಪ್ಪತ್ತು ದಾಟಿದೆ. ಎಸ್‌ಪಿಡಿಯಲ್ಲಿ ಎಲ್ಲರೂ ಎಲ್ಲರಿಗೂ 'ನೀನು' ಅನ್ನಬೇಕಂತೆ, ಆ ರೂಢಿ ಅವರಿಗೆ ಹೋಗಿಲ್ಲ. ನನಗೂ ನೀನು ಅನ್ನು ಅನ್ನುತ್ತಾರೆ. ನನ್ನ ಬಾಯಲ್ಲಿ ಬರುವುದೇ ಇಲ್ಲ.

ಒಂದು ದಿನ ಕಪಾಟಿನಿಂದ ಅಂಗೈಯಗಲದ ಕೆಂಪು ಪುಸ್ತಕ ತೆಗೆದು ತೋರಿಸಿದರು. ಅವರ ತಂದೆಯ ಪಾರ್ಟಿ ಪುಸ್ತಕ. ಚಂದಾ ಕಟ್ಟಿದ್ದಕ್ಕೆ ಒಂದೊಂದು ಚೀಟಿ, ಅಂಚೆಚೀಟಿಯ ಹಾಗೆ, ಸಾಲಾಗಿ ಅಂಟಿಸಿದ್ದಾರೆ. ಗೋಂದು ಹಳದಿಯಾಗಿದೆ. ಒಂದು ಚೌಕವೂ ಖಾಲಿ ಇಲ್ಲ. ಇವರೂ ಹುಡುಗರಿದ್ದಾಗಲೇ ಸೇರಿದರಂತೆ. ಯೂನಿಯನ್, ಪಾರ್ಟಿ, ಫುಟ್‌ಬಾಲ್ ಕ್ಲಬ್ ಮೂರಕ್ಕೂ ಒಟ್ಟಿಗೇ. "ಆಗ ಯಾರೂ ಯೋಚನೆ ಮಾಡಿ ಸೇರುತ್ತಿರಲಿಲ್ಲ" ಅಂದರು.

ಎಸ್‌ಪಿಡಿ ಹುಟ್ಟಿದ್ದು 1863ರಲ್ಲಿ. ಎಡಪಂಥದ ಮನೆಗೆ ಹಿರಿಯಣ್ಣ ಇದ್ದ ಹಾಗೆ. ಕ್ರಾಂತಿ ಬೇಡ, ವೋಟಿನಿಂದಲೇ ಬಂಡವಾಳಕ್ಕೆ ಮೂಗುದಾರ ಹಾಕೋಣ ಎಂಬುದು ಬರಬರುತ್ತಾ ಇದರ ದಾರಿಯಾಯಿತು. ಮನೆ ಮೊದಲು ಹಿಸ್ಸೆಯಾದದ್ದು ಒಂದನೇ ಮಹಾಯುದ್ಧದಲ್ಲಿ. ಯುದ್ಧದ ಸಾಲಕ್ಕೆ 1914ರಲ್ಲಿ ಪಾರ್ಟಿ ಒಪ್ಪಿಗೆ ಕೊಟ್ಟಿತು, ಒಪ್ಪದವರು ಹೊರನಡೆದರು. ಹಾಗೆ ಹೊರನಡೆದ ಕ್ರಾಂತಿಕಾರಿ ನಾಯಕಿ ರೋಸಾ ಲಕ್ಸಂಬರ್ಗ್ 1919ರ ಜನವರಿಯಲ್ಲಿ ಕೊಲೆಯಾದಾಗ ಸರ್ಕಾರ ನಡೆಸುತ್ತಿದ್ದವರೂ ಇವರೇ. ಆಮೇಲೆ ಕಮ್ಯುನಿಸ್ಟರಿಗೂ ಇವರಿಗೂ ಮಾತು ಬಿಟ್ಟುಹೋಯಿತು. ಹಿಟ್ಲರ್ ಬಾಗಿಲಿಗೆ ಬಂದಾಗಲೂ ಸೇರಲಿಲ್ಲ. 1933ರ ಮಾರ್ಚ್‌ನಲ್ಲಿ ಹಿಟ್ಲರನಿಗೆ ಪೂರ್ತಿ ಅಧಿಕಾರ ಕೊಡುವ ಕಾನೂನಿಗೆ ಸದನದಲ್ಲಿ ಬೇಡ ಅಂದದ್ದು ಎಸ್‌ಪಿಡಿಯ 94 ಜನ ಮಾತ್ರ. ಕಮ್ಯುನಿಸ್ಟ್ ಸದಸ್ಯರು ಅಷ್ಟು ಹೊತ್ತಿಗೆ ಜೈಲಿನಲ್ಲೋ ತಲೆಮರೆಸಿಕೊಂಡೋ ಇದ್ದರು. ಅಂದಹಾಗೆ, ನಮ್ಮ ಸಮಾಜವಾದಿ ನಾಯಕ ಲೋಹಿಯಾ ಬರ್ಲಿನ್‌ನಲ್ಲಿ ಓದಿದ್ದು ಇದೇ ಹೊತ್ತಿನಲ್ಲಿ. 1951ರಲ್ಲಿ ಸಾಗರದ ಹತ್ತಿರ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹಕ್ಕೆ ಬಂದು ಅರೆಸ್ಟಾದವರೂ ಅವರೇ. ನಾನು ಸಾಗರದ ಕಡೆಯವನು, ಇದು ಇಲ್ಲಿ ಬರೆಯದಿದ್ದರೆ ಅಪ್ಪ ಬಿಡುವುದಿಲ್ಲ.

ಯುದ್ಧ ಮುಗಿದ ಮೇಲೆ ಪಾರ್ಟಿಗೆ ಒಳ್ಳೇ ದಿನ ಬಂತು. 1959ರಲ್ಲಿ ಮಾರ್ಕ್ಸ್‌ವಾದ ಬಿಟ್ಟರು. 1972ರಲ್ಲಿ ಪಾರ್ಟಿಯ ವಿಲ್ಲಿ ಬ್ರಾಂಟ್ ಚಾನ್ಸಲರ್, ಅಂದರೆ ನಮ್ಮ ಪ್ರಧಾನಿಯ ಹಾಗೆ, ಆಗಿದ್ದ ಕಾಲಕ್ಕೆ ನೂರಕ್ಕೆ 45.8 ವೋಟು.

ಎರಡನೇ ಹಿಸ್ಸೆಯ ಕಥೆ ಅಜ್ಜನದೇ ಕಥೆ. ಅವರಿದ್ದದ್ದು ಉಕ್ಕಿನ ಕಾರ್ಖಾನೆಗೆ ರಿಪೇರಿ ಕೆಲಸ ಮಾಡಿಕೊಡುವ ಸಣ್ಣ ಕಂಪನಿಯಲ್ಲಿ. 2003ರಲ್ಲಿ ಅದು ಬಾಗಿಲು ಹಾಕಿತು. ಆಗ ಅವರಿಗೆ ಐವತ್ತು. ಅದೇ ವರ್ಷ ಎಸ್‌ಪಿಡಿಯ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ 'ಅಜೆಂಡಾ 2010' ಎಂಬ ಸುಧಾರಣೆ ಘೋಷಿಸಿದ್ದರು. ಮೊದಲು ಕೆಲಸ ಹೋದವರಿಗೆ ವರ್ಷಗಳಾದರೂ ಹಳೇ ಸಂಬಳದ ಲೆಕ್ಕದಲ್ಲಿ ಒಂದಿಷ್ಟು ಹಣ ಬರುತ್ತಿತ್ತು. 2005ರ ಜನವರಿ 1ರಿಂದ ಅದು ನಿಂತು 'ಹಾರ್ಟ್ಸ್ 4' ಬಂತು. ಮೂವತ್ತು ವರ್ಷ ದುಡಿದವನಿಗೂ ಒಂದು ದಿನ ದುಡಿಯದವನಿಗೂ ಒಂದೇ ಮೊತ್ತ. ಒಂಟಿ ಮನುಷ್ಯನಿಗೆ ಪಶ್ಚಿಮ ಜರ್ಮನಿಯಲ್ಲಿ ತಿಂಗಳಿಗೆ 345 ಯೂರೋ, ಮೇಲೆ ಮನೆ ಬಾಡಿಗೆ. ಅದಕ್ಕೂ ಮುಂಚೆ ಉಳಿತಾಯ ಎಷ್ಟು, ಹೆಂಡತಿ ದುಡಿಯುತ್ತಾಳಾ, ಮನೆ ಎಷ್ಟು ದೊಡ್ಡದು, ಎಲ್ಲ ಹೇಳಬೇಕಿತ್ತು. ಕೊಟ್ಟ ಕೆಲಸ ಬೇಡ ಅಂದರೆ ಹಣಕ್ಕೆ ಕತ್ತರಿ.

"ದುಡ್ಡು ಕಡಿಮೆಯಾಯಿತು ಅಂತ ಸಿಟ್ಟಲ್ಲ" ಅಂದರು ಅಜ್ಜ. "ಬಡತನ ನೋಡಿದ್ದೇವೆ. ನನ್ನ ಪಾರ್ಟಿಯೇ ನನ್ನನ್ನ ಸೋಮಾರಿ ಇರಬಹುದು ಅಂತ ಅನುಮಾನ ಪಟ್ಟಿತಲ್ಲ." ಆ ವರ್ಷವೇ ರಾಜೀನಾಮೆ ಬರೆದು ಕೊಟ್ಟರಂತೆ.

ಅವರೊಬ್ಬರೇ ಅಲ್ಲ. ಸಿಟ್ಟಿಗೆದ್ದ ಯೂನಿಯನ್‌ನವರು ಬೇರೆ ಪಾರ್ಟಿ ಕಟ್ಟಿ, ಪೂರ್ವ ಜರ್ಮನಿಯ ಹಳೇ ಕಮ್ಯುನಿಸ್ಟರ ಜೊತೆ 2007ರಲ್ಲಿ ಸೇರಿದರು. ಅದೇ ಇವತ್ತಿನ ಡಿ ಲಿಂಕ, ಅಂದರೆ 'ಎಡದವರು'. ಆಮೇಲೆ ನಿರುದ್ಯೋಗ ಇಳಿಯಿತು, ಅದಕ್ಕೆ ಶ್ರೋಡರ್ ಕಾನೂನೇ ಕಾರಣ ಅನ್ನುವವರು ನನ್ನ ಆಫೀಸಿನಲ್ಲೇ ಬೇಕಾದಷ್ಟಿದ್ದಾರೆ. ಇರಬಹುದು. ಆದರೆ ಕೆಲಸ ಸಿಕ್ಕವರು ಯಾರೂ ಅದಕ್ಕಾಗಿ ಎಸ್‌ಪಿಡಿಗೆ ಥ್ಯಾಂಕ್ಸ್ ಹೇಳಿದ ಹಾಗೆ ಕಾಣಲಿಲ್ಲ. 2021ರಲ್ಲಿ ನೂರಕ್ಕೆ 25.7 ವೋಟು ಬಂದು ಎಸ್‌ಪಿಡಿಯ ಶೋಲ್ಸ್ ಚಾನ್ಸಲರ್ ಆದರು, ಪಾರ್ಟಿ ಚೇತರಿಸಿತು ಅಂದುಕೊಂಡರು. 2025ರ ಫೆಬ್ರವರಿಯಲ್ಲಿ 16.4ಕ್ಕೆ ಕುಸಿಯಿತು. ಬಾಡಿಗೆ ಜಾಸ್ತಿಯಾಯ್ತು ಅನ್ನುವ ಹುಡುಗ ಹುಡುಗಿಯರು ಲಿಂಕಕ್ಕೆ ಹೋದರು, ಅದಕ್ಕೆ 8.8. ಕಾರ್ಖಾನೆ ಕೆಲಸಗಾರರಲ್ಲಿ ಹೆಚ್ಚು ವೋಟು ಬಿದ್ದದ್ದು ಎರಡಕ್ಕೂ ಅಲ್ಲ, ವಲಸಿಗರನ್ನು ಕಂಡರಾಗದ ಬಲಪಂಥದ ಎಎಫ್‌ಡಿ ಪಾರ್ಟಿಗೆ. ನಮ್ಮಂಥವರಿಗೆ ನಿದ್ದೆ ಕೆಡಿಸುವ ಸುದ್ದಿ ಅದು, ಅಣ್ಣ ತಮ್ಮಂದಿರ ಹಿಸ್ಸೆಯಲ್ಲ.

ಸೆಪ್ಟೆಂಬರ್ 28ರ ರಾತ್ರಿ ಮೇಯರ್ ಚುನಾವಣೆಯ ಎರಡನೇ ಸುತ್ತಿನ ಫಲಿತಾಂಶ ಬಂತು. 1946ರಿಂದ ಡಾರ್ಟ್ಮುಂಡ್‌ನಲ್ಲಿ ಎಸ್‌ಪಿಡಿ ಮೇಯರ್ ಬಿಟ್ಟು ಬೇರೆಯವರಿರಲಿಲ್ಲ. ಈಗ ಎದುರಾಳಿ ಪಾರ್ಟಿ, ಬಲಕ್ಕೆ ವಾಲುವ ಸಿಡಿಯು ಗೆದ್ದಿತು. ಕಸ ಹಾಕಲು ಇಳಿದಾಗ ಅಜ್ಜ ಬಾಗಿಲಲ್ಲೇ ನಿಂತಿದ್ದರು, ಟಿವಿ ಒಳಗೆ ಓಡುತ್ತಿತ್ತು.

"ಇಪ್ಪತ್ತು ವರ್ಷದಿಂದ ಬೈಯ್ತಾ ಇದ್ರಲ್ಲ, ಈಗ ಸಮಾಧಾನವಾ?" ಅಂದೆ ತಮಾಷೆಗೆ. ನಗಲಿಲ್ಲ.

"ನೀವು ಯಾರಿಗೆ ಹಾಕಿದ್ರಿ?"

ನನ್ನನ್ನ ದಡ್ಡನ ಹಾಗೆ ನೋಡಿದರು. "ಮತ್ಯಾರಿಗೆ ಹಾಕಲಿ?" ಅಂದು ಒಳಗೆ ಹೋಗಿ ಟಿವಿ ಆಫ್ ಮಾಡಿದರು.