ಹೊದಿಕೆ ಕಿತ್ತವನು ನಾನೇ

ಮಂಗಳೂರಿನ ಒಂದು ಕಾಲೇಜು ಲೈಬ್ರರಿಯಲ್ಲಿ ಪತ್ರಿಕೆಗಳ ವಿಭಾಗ ನನ್ನದು. ಕೆಲಸಕ್ಕೆ ಸೇರಿದಾಗ ಹಿರಿಯರು ಹೇಳಿಕೊಟ್ಟ ಕ್ರಮ ಇಷ್ಟು. ವರ್ಷದ ಸಂಚಿಕೆ ಒಟ್ಟು ಮಾಡು, ಹೊದಿಕೆ ಕಿತ್ತು ಹಾಕು, ಜಾಹೀರಾತಿನ ಹಾಳೆ ತೆಗೆ, ಉಳಿದದ್ದನ್ನು ಬೈಂಡಿಂಗಿಗೆ ಕೊಡು. ಸಂಪುಟ ತೆಳ್ಳಗಾಗುತ್ತದೆ, ಕಪಾಟಿನಲ್ಲಿ ಜಾಗ ಉಳಿಯುತ್ತದೆ. ನನಗೂ ಸರಿ ಕಂಡಿತು. 11 ವರ್ಷ ಹಾಗೇ ಮಾಡಿದೆ, ದಾನಕ್ಕೆ ಬಂದ ಹಳೆ ಪತ್ರಿಕೆಗಳಿಗೂ.

ಹೋದ ಮಳೆಗಾಲದಲ್ಲಿ ಒಬ್ಬರು ಸಂಶೋಧನಾ ವಿದ್ಯಾರ್ಥಿನಿ ಬಂದರು. ಕವಿ ಗೋಪಾಲಕೃಷ್ಣ ಅಡಿಗರು ಸಂಪಾದಿಸುತ್ತಿದ್ದ ಸಾಹಿತ್ಯ ಪತ್ರಿಕೆ ‘ಸಾಕ್ಷಿ’ ಬೇಕಿತ್ತು. ಅಡಿಗರು 1968ರಿಂದ 1971ರ ತನಕ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದರು ಅಲ್ವಾ, ಆ ಕಾಲದ ಸಂಚಿಕೆಗಳು. ‘ಇದೆಯಲ್ಲ!’ ಅಂತ ಜಂಬದಿಂದ ಸಂಪುಟ ತಂದಿಟ್ಟೆ. ಬಿಡಿ ಸಂಚಿಕೆಗಳನ್ನು ಸೇರಿಸಿ ಕಟ್ಟಿಸಿದ್ದು ನಾನೇ. ಅವರು ಹಿಂದೆ ಮುಂದೆ ತಿರುವಿದರು.

‘ಸರ್, ಇದು ಯಾವ ಸಂಚಿಕೆ? ಯಾವ ತಿಂಗಳದ್ದು? ಎಲ್ಲಿ ಪ್ರಿಂಟ್ ಆದದ್ದು?’

ನಾನೂ ತಿರುವಿದೆ. ಎಲ್ಲೂ ಇಲ್ಲ.

ಸಣ್ಣ ಪತ್ರಿಕೆಗಳು ಇವನ್ನೆಲ್ಲ ಹಾಕುತ್ತಿದ್ದದ್ದು ಹೆಚ್ಚಾಗಿ ಹೊದಿಕೆಯಲ್ಲಿ, ಅದರ ಒಳಮೈಯಲ್ಲಿ. ಸಂಪಾದಕರ ವಿಳಾಸ, ಚಂದಾ ಎಷ್ಟು, ಪ್ರೆಸ್ಸು ಯಾವುದು, ಎಲ್ಲ ಅಲ್ಲೇ. ಪತ್ರಿಕೆಯ ಜಾತಕವನ್ನೇ ನಾನು ಕಸದ ಬುಟ್ಟಿಗೆ ಹಾಕಿದ್ದೆ. ಪುಟಸಂಖ್ಯೆಯಾದರೂ ನೋಡೋಣ ಅಂದರೆ ಕೆಲವು ಕಡೆ ಕಟಿಂಗ್ ಮೆಷಿನ್ ಅದನ್ನೂ ತಿಂದಿತ್ತು.

ಬೈಂಡರ್ ಹತ್ತಿರ ಓಡಿದೆ. ಎಪ್ಪತ್ತರ ಹತ್ತಿರದ ಮನುಷ್ಯ, ಹುಳ ಬೀಳದ ಹಾಗೆ ಮೈದಾ ಅಂಟಿಗೆ ಮೈಲುತುತ್ತು ಸೇರಿಸುವವರು. ‘ಆ ಹೊದಿಕೆಯೆಲ್ಲ ಎಂತ ಮಾಡಿದಿರಿ?’ ಕೇಳಿದೆ.

‘ನೀವೇ ಕಿತ್ತು ಕೊಡುದಲ್ವಾ ಮಾರಾಯ್ರೆ, ನನ್ನತ್ರ ಎಲ್ಲಿಂದ ಬರ್ಬೇಕು?’

ಅದೂ ಸರಿಯೇ.

ಆಮೇಲೆ ಬೇರೆ ಪ್ರತಿ ಹುಡುಕುವ ಕೆಲಸ. ಗುಜರಿ ಅಂಗಡಿಯಲ್ಲಿ ಸುಧಾ, ತರಂಗ ಸಿಗುತ್ತವೆ, ಸಾವಿರಗಟ್ಟಲೆ ಅಚ್ಚಾದವು. ಸಾಹಿತ್ಯದ ತ್ರೈಮಾಸಿಕ ಸಿಗುವುದು ಅಪರೂಪ. ಕೊನೆಗೆ ಉಡುಪಿ ಹತ್ತಿರದ ಒಂದು ಹಳೆ ಮನೆಯ ಅಟ್ಟದಲ್ಲಿ ಎರಡು ಕಟ್ಟು ಸಿಕ್ಕಿತು. ಅಟ್ಟದ ಕೆಳಗೆ ಅಡುಗೆ ಕೋಣೆ, ಸೌದೆ ಒಲೆ. ಹೊಗೆ ತಾಗಿ ಹಾಳೆಯೆಲ್ಲ ಕಂದಾಗಿತ್ತು, ಆದರೆ ಒರಲೆ ಮುಟ್ಟಿರಲಿಲ್ಲ. ನಮ್ಮ ಲೈಬ್ರರಿಯಲ್ಲಿ ಜುಲೈ ಬಂತೆಂದರೆ ಬೂಷ್ಟು, ಪಿನ್ನಿಗೆ ತುಕ್ಕು, ಪಿನ್ನಿನಿಂದ ಹಾಳೆಗೆ ತುಕ್ಕು.

ಆ ಕಟ್ಟಿನಲ್ಲಿ ಸಾಕ್ಷಿ ಎರಡೇ ಇದ್ದವು, ಹೊದಿಕೆ ಸಮೇತ. ಆದರೆ ಇನ್ನೊಂದು ತ್ರೈಮಾಸಿಕದ ಪ್ರತಿಗೆ ಬುಕ್‌ಪೋಸ್ಟಿನ ಕಾಗದದ ಪಟ್ಟಿ ಸುತ್ತಿದ ಹಾಗೇ ಇತ್ತು. ಮೆಲ್ಲ ಜಾರಿಸಿ ತೆಗೆದೆವು. ಮುಖಪುಟದಲ್ಲಿ ಏಪ್ರಿಲ್ ಅಂತ ಅಚ್ಚಾಗಿದೆ. ಪಟ್ಟಿಯ ಮೇಲಿನ ಅಂಚೆ ಮುದ್ರೆ ಆಗಸ್ಟಿನದ್ದು! ಓದುಗರ ಕೈಗೆ ಬಂದದ್ದು ನಾಲ್ಕು ತಿಂಗಳು ತಡವಾಗಿ. ವಿದ್ಯಾರ್ಥಿನಿ ಒಳಗಿನ ಲೇಖನ ಬಿಟ್ಟು ಆ ಪಟ್ಟಿಯ ಫೋಟೋವನ್ನೇ ಹತ್ತು ಸಲ ತೆಗೆದರು. ನಾನಾಗಿದ್ದರೆ ಅದನ್ನು ಸುಮ್ನೆ ಹರಿದು ಬಿಸಾಡುತ್ತಿದ್ದೆ.

ಈಗ ನಮ್ಮಲ್ಲಿ ಹೊದಿಕೆ, ಜಾಹೀರಾತು, ಚಂದಾ ಚೀಟಿ ಯಾವುದನ್ನೂ ತೆಗೆಯುವುದಿಲ್ಲ. ಪಿನ್ನು ಬಿಡಿಸಿ ನೂಲಿನಲ್ಲಿ ಹೊಲಿಸುತ್ತೇವೆ, ಅಂಚು ಕತ್ತರಿಸುವುದಿಲ್ಲ. ತೀರಾ ಅಪರೂಪದ್ದಾದರೆ ಬೈಂಡಿಂಗೇ ಇಲ್ಲ, ರಟ್ಟಿನ ಪೆಟ್ಟಿಗೆಯೇ ಸಾಕು. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ, ಟೇಪು ಉದುರಿದ ಮೇಲೂ ಹಳದಿ ಕಲೆ ಹೋಗುವುದಿಲ್ಲ. ಬೈಂಡಿಂಗ್ ಬಿಲ್ಲು ಯಾಕೆ ಜಾಸ್ತಿ ಅಂತ ಆಫೀಸಿನಿಂದ ಕೇಳಿದರು. ವಿದ್ಯಾರ್ಥಿನಿ ಕೇಳಿದ ಮೂರು ಪ್ರಶ್ನೆಯನ್ನು ಬರೆದು ಕಳಿಸಿದೆ. ಬಿಲ್ಲು ಪಾಸಾಯಿತು.

ಹಳೆ ಸಂಪುಟಗಳಿಗೆ ಏನೂ ಮಾಡುವ ಹಾಗಿಲ್ಲ. ಬಿಡುವಿದ್ದಾಗ ಒಂದೊಂದನ್ನೇ ತೆಗೆದು, ಮೊದಲ ಹಾಳೆಯಲ್ಲಿ ಪೆನ್ಸಿಲಿನಿಂದ ‘ಹೊದಿಕೆ ಇಲ್ಲ, ಬೈಂಡಿಂಗ್ ಮಾಡಿಸುವಾಗ ನಾನು ತೆಗೆದದ್ದು’ ಅಂತ ಬರೆದು ಸಹಿ ಹಾಕುತ್ತಿದ್ದೇನೆ. ತಿಂಗಳು ಬರೆಯಲು ಪಕ್ಕದಲ್ಲಿ ಜಾಗ ಬಿಡುತ್ತೇನೆ. ಇದುವರೆಗೆ 42 ಆಯಿತು, ಇನ್ನೂ ಒಂದು ಕಪಾಟು ಬಾಕಿ ಇದೆ.